ಎಳೆದು ನೋಡಿದ ಸೀರೆ

ಶಿರಸಿಯ ಬಸ್ ಸ್ಟ್ಯಾಂಡಿನಲ್ಲಿ ಸಿದ್ದಾಪುರದ ಬಸ್ಸಿಗೆ ಕಾಯುತ್ತ ಕೂತಿದ್ದ ಸುಲೋಚನೆಯ ಕಿವಿಗೆ ಪಕ್ಕದ ಬೆಂಚಿನ ಮಾತು ಬಿತ್ತು. ಮನೆಮನೆಗೆ ಹೋಗಿ ಹಳೆ ಬಟ್ಟೆಯ ಕೌದಿ ಹೊಲಿದುಕೊಡುವ ಗುರುಶಾಂತವ್ವ ತನ್ನ ಸೊಸೆ ನೀಲವ್ವನ ಮೇಲೆ ಹರಿಹಾಯುತ್ತಿದ್ದಳು.

“ನಾಕು ಕೌದಿ ಕೆಲಸ ಕೈಯಾಗ ಬಂದಿತ್ತು. ಕಳದಿ!”

“ಬಟ್ಟಿ ಜೀರ್ಣ ಆಗಿತ್ರಿ ಅತ್ತಿ. ಸೂಜಿ ತಡಿಯೂದಿಲ್ಲ ಅಂತ ಹೇಳೂದು ತಪ್ಪೇನು?”

“ಆಕಿ ಮಾತು ಮುಗಿಯೂದ್ರಾಗ ಹೇಳಿದ್ದು ತಪ್ಪು. ಆ ಯಜಮಾನ್ತಿ ಒಂದೊಂದ ಸೀರಿ ಬಿಚ್ಚಿ, ಇದು ಯಾರ್ದು, ಯಾವಾಗಿಂದು ಅಂತ ಹೇಳಾಕತ್ತಿದ್ಳು. ಕುಂತು ಹೂಂ ಅನ್ನೂದೂ ನಮ್ಮ ಕೆಲಸನ.”

“ಸೀರಿ ಕತಿ ಕೇಳ್ಕೋತ ಕುಂತ್ರ ಹೊಲಿಯೂದ್ಯಾವಾಗ?”

“ಹಂಗಂದ ಹಸರ ಸೀರಿ ಜಗ್ಗಿ, ಪರ್ರಂತ ಹರದು ತೋರ್ಸಿದಿ, ಶಾಣ್ಯಾಕಿ!”

“ಜಗ್ಗಿ ನೋಡಾಕ ನೀವ ಕಲಿಸಿದ್ರಿ.”

“ಬಾಣಂತ್ಯಾಗ ಸತ್ತ ಮಗಳ ಸೀರಿ ಅದು. ಮೊಮ್ಮಗಳಿಗೆ ಹೊದಿಸಾಕ ಕೌದಿ ಬೇಕಾಗಿತ್ತು. ಎರಡು ಸಲ ಹೇಳಿದ್ಳು.”

ನೀಲವ್ವ ತಾವು ಬಂದ ಪೇಟೆಯ ದಾರಿಯತ್ತ ತಿರುಗಿ ನೋಡಿದಳು. ಸುಲೋಚನೆಗೆ, ಚಿಕ್ಕಂದಿನಲ್ಲಿ ತಾನು ಹೂಂಗುಟ್ಟದಿದ್ದರೆ ತನ್ನ ಅಜ್ಜಿ ರಾಜಕುಮಾರಿಯನ್ನು ಕಾಡಿನ ನಡುವೆಯೇ ಬಿಟ್ಟು ಕಥೆ ನಿಲ್ಲಿಸಿಬಿಡುತ್ತಿದ್ದುದು ನೆನಪಾಯಿತು.

ಅಷ್ಟರಲ್ಲಿ ಬನವಾಸಿಯ ಬಸ್ಸು ಬಂತು. ಗುರುಶಾಂತವ್ವ ಗಂಟು ಹೊತ್ತು ಹತ್ತಿದಳು. ನೀಲವ್ವ ಹತ್ತಲಿಲ್ಲ.

“ಅತ್ತಿ, ನಾ ತಿರುಗಿ ಹೋಗ್ತೀನಿ. ಹರದದ್ದನ್ನರ ಹೊಲದು ಕೊಡ್ತೀನಿ.”

“ಬಾಗ್ಲಾ ಹಾಕ್ಕೊಂಡ್ರ?”

“ಕಟ್ಟಿ ಮ್ಯಾಲೆ ಕುಂದರ್ತೀನಿ.”

“ಆಕಿ ಬೈದ್ರ?”

“ಕೇಳ್ತೀನಿ.”

ದಾರಿಗಡ್ಡ ನಿಂತ ಕಂಡಕ್ಟರನನ್ನೂ ಬೈಯುತ್ತ ಗುರುಶಾಂತವ್ವ ಕೆಳಗಿಳಿದಳು.

“ನಿನ್ನೊಬ್ಬಾಕಿನ್ನ ಕಳಿಸಿದ್ರ ಅಲ್ಲೂ ನಡುವ ಬಾಯಿ ಹಾಕ್ತಿ. ನಡಿ ಮುಂದ.”

ಸೊಸೆ ಮುಂದೆ, ಗೊಣಗುತ್ತ ಅತ್ತೆ ಹಿಂದೆ, ಇಬ್ಬರೂ ಪೇಟೆಯ ತಿರುವಿನಲ್ಲಿ ಮರೆಯಾದರು.