ಹೆಸರು ಹೇಳಬಾರದ ಹಣ್ಣು

ಬನ್ನಿ, ಬನ್ನಿ, ಕುಂತ್ಕೊಳ್ಳಿ. ಎಲೆ ಅಡಿಕೆ ಹಾಕೋರು ಈಗಲೇ ಹಾಕ್ಕೊಂಡುಬಿಡಿ, ನಡುವೆ ಯಾರಾದ್ರೂ ಸುಣ್ಣ ಕೇಳಿದ್ರೆ ನಾನು ಕಥೆ ನಿಲ್ಲಿಸಿ ಎದ್ದು ಹೋಗ್ತೀನಿ. ಹೂಂಗುಟ್ಟೋಕೆ ಒಬ್ಬರು ಬೇಕು. ನೀನಾ ತಾತ? ಸರಿ, ನಿದ್ದೆ ಮಾಡಬೇಡ.

ಒಂದು ಕಾಲ, ಒಂದು ನಾಡು, ಆ ನಾಡಲ್ಲೊಂದು ಊರು. ಯಾವ ಊರು ಅಂತ ಕೇಳಬೇಡಿ. ಹೆಸರು ಹೇಳೋಕಾಗದವಳ ಕಥೆ ಇದು. ಊರಿನ ಹೆಸರು ಹೇಳಿ ನಾನ್ಯಾಕೆ ಅವಳಿಗಿಂತ ಮುಂದೆ ಹೋಗಲಿ?

ಆ ಊರಲ್ಲಿ ನಿಂಗಾಜಿ ಅಂತ ಒಬ್ಬ ಹೆಂಗಸು. ಅವಳ ಗಂಡನ ಹೆಸರು ನೇರಳೆ. ನಗಬೇಡಿ, ಕೇಳಿ. ಅವನ ತಾಯಿ ಹಿತ್ತಲಿನ ನೇರಳೆ ಮರದ ಕೆಳಗೆ ಹಣ್ಣು ಆಯ್ತಾ ಇದ್ದಾಗ ನೋವು ಬಂತು, ಅಲ್ಲೇ ಹೆತ್ತಳು. ಮರಕ್ಕೂ ಮಗನಿಗೂ ಒಂದೇ ಹೆಸರಿರಲಿ ಅಂದಳು. ಅವನು ಅಂಬೆಗಾಲಿಡುವಾಗ ಊರವರು ‘ನೇರಳೇ’ ಅಂದರು, ಮೀಸೆ ಬಂದಾಗ ‘ನೇರಳೇ’ ಅಂದರು, ಮಂಡಿನೋವು ಬಂದಾಗಲೂ ‘ನೇರಳೇ’ ಅಂದರು. ಎಲ್ಲರೂ ಅಂದರು, ಒಬ್ಬಳು ಮಾತ್ರ ಅನ್ನಲಿಲ್ಲ. ಯಾರು? ಕಟ್ಟಿಕೊಂಡ ಹೆಂಡತಿ. ಗಂಡನ ಹೆಸರು ಹೆಂಡತಿಯ ಬಾಯಲ್ಲಿ ಬಂದರೆ ಗಂಡನ ಆಯಸ್ಸು ಸವೆಯುತ್ತದೆ ಅಂತ ಆ ಊರಿನ ನಂಬಿಕೆ. ನಿಂಗಾಜಿಗೆ ಗಂಡ ಅಂದರೆ ಪ್ರಾಣ. ಮದುವೆಯಾದಾಗಿನಿಂದ ಆ ಹೆಸರು ಅವಳ ತುಟಿ ದಾಟಿರಲಿಲ್ಲ.

ಹೇಳದಿದ್ದರೆ ಬೇಡ ಬಿಡಿ. ಆದರೆ ಅವಳು ಮಾಡುತ್ತಿದ್ದ ವ್ಯಾಪಾರ ಯಾವುದು ಹೇಳಿ ನೋಡೋಣ? ಅದೇ ಮರದ ಅದೇ ಹಣ್ಣಿಂದು.

ಹಣ್ಣಿನ ಕಾಲ ಬಂದರೆ ಬೆಳಗಾಗೆದ್ದು ಮರದ ಬುಡ ಗುಡಿಸಿ, ಒಂದು ಹಣ್ಣೂ ಬಿಡದೆ ಆಯ್ದು, ಬುಟ್ಟಿ ಹೊತ್ತು ದೂರದ ಹೆದ್ದಾರಿ ಸಂತೆಗೆ ನಡೆಯೋಳು. ಅಲ್ಲಿ ಕೂತು, “ಕರೀ ಹಣ್ಣು, ಒಗರು ಹಣ್ಣು, ನಾಲಿಗೆಗೆ ಬಣ್ಣ ಕಟ್ಟೋ ಹಣ್ಣು” ಅಂತ ಕೂಗೋಳು. ಯಾವ ಹಣ್ಣಮ್ಮ ಇದು ಅಂತ ಯಾರಾದರೂ ಬೇಕಂತಲೇ ಕೇಳಿದರೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, “ಅವ್ರಣ್ಣು” ಅನ್ನೋಳು. ಅಂದರೆ ಅವರ ಹಣ್ಣು, ನಮ್ಮ ಮನೆಯವರ ಹೆಸರಿನ ಹಣ್ಣು ಅಂತ. ಸಂತೆಯವರಿಗೆ ಅರ್ಥವಾಗೋದು, ನಕ್ಕು ಕೊಳ್ಳೋರು. ಅದರ ಮೇಲೇ ಆ ಮನೆ ನಡೆಯುತ್ತಿತ್ತು.

ಹೀಗಿರುವಾಗ ಒಂದು ವರ್ಷ ಆ ಸಂತೆಗೆ ಒಬ್ಬ ಪರದೇಶದ ವ್ಯಾಪಾರಿ ಬಂದ. ತಲೆಗೆ ಪಟ್ಟೆ ರುಮಾಲು, ಬಾಯಲ್ಲಿ ಬೆಲ್ಲ, ಹಿಂದೆ ಬರಿಗಾಡಿ. ಅವನ ಕಸುಬು ಏನು? ಏಳು ಕಡಲಾಚೆ ಒಂದು ಕಾಡು. ಮಳೆ ನಿಲ್ಲದ ಕಾಡು, ಬಿಸಿಲು ನೆಲ ಮುಟ್ಟದ ಕಾಡು, ಮನುಷ್ಯರ ಕಾಲು ಸೋಕದ ಕಾಡು. ಆ ಕಾಡಿನ ಹಣ್ಣು ತಿಂದವರಿಗೆ ರೋಗವಿಲ್ಲ, ಮುಪ್ಪಿಲ್ಲ ಅಂತ ಹೇಳಿ ಊರೂರಲ್ಲಿ ಒಣಹಣ್ಣು ಮಾರೋದು. ತಂದಿದ್ದ ಸರಕು ಮುಗಿದಿತ್ತು. ಕಡಲು ದಾಟೋಕೆ ಸೋಮಾರಿತನ. ಆಗ ಕಣ್ಣಿಗೆ ಬಿತ್ತು ನಿಂಗಾಜಿಯ ಬುಟ್ಟಿ. ಅವನ ನಾಡಿನಲ್ಲಿ ನೇರಳೆ ಬೆಳೆಯೋದಿಲ್ಲ, ಹೆಂಡತಿ ಗಂಡನ ಹೆಸರು ಹಿಡಿದು ಕೂಗಿದರೆ ಯಾರೂ ಹುಬ್ಬೇರಿಸೋದೂ ಇಲ್ಲ.

“ಏನಮ್ಮ ಇದರ ಹೆಸರು?” ಅಂದ.

ನಿಂಗಾಜಿ ಸೆರಗು ಬಾಯಿಗೆ ತಂದಳು. “ಹೆಸರು ಹೇಳಬಾರದು ಸ್ವಾಮಿ.”

“ಯಾಕೆ?”

“ಹೇಳಿದ್ರೆ ಆಯಸ್ಸಿಗೆ ಕುತ್ತು.”

“ಹಂಗಾದ್ರೆ ಏನಂತ ಕರೀತೀರಿ?”

“ಅವ್ರಣ್ಣು.”

ವ್ಯಾಪಾರಿಯ ಕಿವಿ ನೆಟ್ಟಗಾದವು. ಅವನಿಗೆ ಕೇಳಿಸಿದ್ದು ಅವರಾಣು. ಆಹಾ, ಎಂಥಾ ಹೆಸರು. ಹೆಸರು ಹೇಳಿದರೇ ಆಯಸ್ಸು ಹೋಗುವಂಥ ಹಣ್ಣು, ತಿಂದರೆ ಆಯಸ್ಸು ಬರದೆ ಇರುತ್ತದೆಯೇ ಅಂತ ಅವನೇ ಲೆಕ್ಕ ಹಾಕಿಕೊಂಡ. ಆ ಕಾಲ ಮುಗಿಯೋವರೆಗೂ ಅವಳು ತಂದ ಬುಟ್ಟಿಯನ್ನೆಲ್ಲ ಚೌಕಾಸಿ ಮಾಡದೆ ಕೊಂಡು ಗಾಡಿಗೆ ಸುರಿದುಕೊಂಡ. ಇಂಥ ಒಳ್ಳೆ ಮನುಷ್ಯನನ್ನು ಕಂಡೇ ಇರಲಿಲ್ಲ ಅಂತ ನಿಂಗಾಜಿ ಕುಣಿಕುಣಿದು ಮನೆಗೆ ಬಂದಳು. ಆ ಹಣ್ಣು ಒಣಗಿತು, ಪುಡಿಯಾಯಿತು, ಬೆಲ್ಲ ಸೇರಿತು, ಪುಟ್ಟ ಪುಟ್ಟ ಮಣ್ಣಿನ ಕುಡಿಕೆಗಳಿಗೆ ಇಳಿಯಿತು. ಕುಡಿಕೆಯ ಬಾಯಿಗೆ ಕೆಂಪು ರೇಷ್ಮೆ ಚೂರು ಕಟ್ಟಿದ್ದೇ ಕಟ್ಟಿದ್ದು, ಮಾರಿದ್ದೇ ಮಾರಿದ್ದು.

ಮರುವರ್ಷ ಹಣ್ಣಿನ ಕಾಲಕ್ಕೆ ಆ ಸಂತೆಗೇ ಹೊರಟವನು ದಾರಿ ತಪ್ಪಿ ಎಲ್ಲಿಗೆ ಬಂದ? ನಿಂಗಾಜಿಯ ಊರಿಗೇ ಬಂದ. ಅದು ಅವಳ ಊರು ಅಂತ ಅವನಿಗೇನು ಗೊತ್ತು ಪಾಪ.

ಡಂಗ್ ಡಂಗ್ ಡಂಗ್ ಅಂತ ತಮಟೆ ಬಡಿಸಿದ. “ಅವರಾಣು ಬಂದಿದೆ, ಅವರಾಣು! ಏಳು ಕಡಲಾಚೆಯ ಅವರಾಣು! ಮುದುಕರು ತಿಂದ್ರೆ ಕೋಲು ಬಿಸಾಕ್ತಾರೆ, ಬಡಕಲೋರು ತಿಂದ್ರೆ ಗಟ್ಟಿಯಾಗ್ತಾರೆ, ಡೊಳ್ಳುಹೊಟ್ಟೆಯೋರು ತಿಂದ್ರೆ ಬಳ್ಳಿಯಾಗ್ತಾರೆ. ಉಳಿದಿರೋದು ಇಷ್ಟೇ ಕುಡಿಕೆ, ಆಮೇಲೆ ಬೇಕಂದ್ರೂ ಇಲ್ಲ.”

ಉಳಿದಿರೋದು ಇಷ್ಟೇ ಅಂದ ಮೇಲೆ ಊರು ಸುಮ್ಮನಿರುತ್ತದೆಯೇ? ರಾಗಿ ತಂದವರು, ಕೋಳಿ ತಂದವರು, ಕಂಬಳಿ ತಂದವರು, ಎಲ್ಲರೂ ಮುಗಿಬಿದ್ದರು. ಊರಗೌಡರು ಒಂದು ಬೆರಳು ನೆಕ್ಕಿ, ಬೆನ್ನು ಸಡಿಲವಾಯಿತು ಅಂದರು. ಪಕ್ಕದ ಮನೆ ಚಿಕ್ಕತಾಯಮ್ಮ ಎರಡು ಬೆರಳು ನೆಕ್ಕಿ, ಕಣ್ಣು ನಿಚ್ಚಳವಾಯಿತು ಅಂದಳು. ಎಲ್ಲರ ನಾಲಿಗೆಯೂ ನೀಲಿಗಟ್ಟಿತು. ಇದೇನು ಸ್ವಾಮಿ ಅಂದರೆ, “ಹೊಟ್ಟೆಯೊಳಗಿನ ಕಲ್ಮಶ ಹೊರಗೆ ಬಂತು” ಅಂದ ವ್ಯಾಪಾರಿ. ಚಾಚಿದ ನಾಲಿಗೆ ಒಳಗೆಳೆದುಕೊಳ್ಳದೆ ಒಬ್ಬರಿಗೊಬ್ಬರು ತೋರಿಸಿಕೊಂಡು ತಿರುಗಾಡಿದರು.

ನೀವು ಕೇಳ್ತೀರಿ, ಹುಟ್ಟಿದಾಗಿನಿಂದ ನೇರಳೆ ತಿಂದ ಜನ, ರುಚಿ ಗೊತ್ತಾಗಲಿಲ್ಲವೇ ಅಂತ. ಅಯ್ಯೋ, ತಿಂದದ್ದು ನಾಲಿಗೆಯಲ್ಲೇನು? ಕಿವಿಯಲ್ಲಿ ತಿಂದರು. ಬಿಟ್ಟಿ ಸಿಗುವ ಹಣ್ಣು ಕೆಂಪು ರೇಷ್ಮೆ ಉಟ್ಟುಕೊಂಡು ಬಂದರೆ ನಮಗೂ ಗುರುತು ಸಿಕ್ಕೋದಿಲ್ಲ, ದೊಡ್ಡ ಮಾತು ಬೇಡ.

ನೇರಳೆಗೂ ಆಸೆ ಹುಟ್ಟಿತು. ಮಂಡಿನೋವು ಅವನನ್ನು ಹಿಂಡಿ ಹಾಕಿತ್ತು. ಕೂತರೆ ಏಳೋಕಾಗದು, ಎದ್ದರೆ ಕೂರೋಕಾಗದು. ಕೊಡೋಕೆ ರಾಗಿಯಿಲ್ಲ, ಕೋಳಿಯಿಲ್ಲ. ವ್ಯಾಪಾರಿ ಅವನ ಹಿತ್ತಲು ಇಣುಕಿದ. ಬರುವ ಸರಕಿಗೆ ಇನ್ನೊಂದು ಗಾಡಿ ಕಟ್ಟಿಸಬೇಕಿತ್ತು ಅವನಿಗೆ. ಮರದ ಬುಡ ನೋಡಿದ, ದಪ್ಪಗಿತ್ತು. ಗುಡಿಸಿದ ನೆಲದಲ್ಲಿ ಒಂದು ಹಣ್ಣೂ ಇರಲಿಲ್ಲ. ತಲೆಯೆತ್ತಿ ಮೇಲೆ ನೋಡಲಿಲ್ಲ.

“ಈ ಮರ ಕಡಿದು ಕೊಡು, ಒಳ್ಳೆ ಹಲಗೆಯಾಗ್ತದೆ. ಒಂದು ಕುಡಿಕೆ ನಿಂಗೆ” ಅಂದ.

“ಆಗಲಿ ಸ್ವಾಮಿ, ನಾಳೆ ಬೆಳಗ್ಗೆ ಬನ್ನಿ” ಅಂದ ನೇರಳೆ.

ನಿಂಗಾಜಿ ನೀರು ತಂದು ಬಿಂದಿಗೆ ಇಳಿಸೋ ಹೊತ್ತಿಗೆ ಈ ಸುದ್ದಿ. ಮರ ಕೊಡುವಂಥದ್ದು ಅದರಲ್ಲೇನಿದೆ ಅಂತ ಚಿಕ್ಕತಾಯಮ್ಮನ ಕುಡಿಕೆಯಿಂದ ಒಂದು ಚೂರು ನಾಲಿಗೆಗೆ ಹಾಕಿಕೊಂಡು ನೋಡಿದಳು. ಮೇಲೆ ಬೆಲ್ಲ. ಬೆಲ್ಲದ ಕೆಳಗೆ ಒಗರು. ಅಯ್ಯೋ ದೇವರೇ, ಈ ಒಗರು ನಾನು ಹೊತ್ತು ಮಾರಿದ್ದಲ್ಲವೇ ಅಂದುಕೊಂಡಳು. ಇದ್ದ ಒಂದು ಮರ ಹೋದರೆ ಒಲೆ ಉರಿಯೋದು ಹೇಗೆ? ಅತ್ತೆ ಗಂಡನನ್ನು ಹೆತ್ತ ಜಾಗ ಬೋಳಾಗೋದನ್ನು ಕಣ್ಣಲ್ಲಿ ನೋಡೋದು ಹೇಗೆ?

ಮೊದಲು ಗಂಡನ ಹತ್ತಿರ ಹೋದಳು. “ನೋಡೀ, ಆ ಕುಡಿಕೇಲಿರೋದು ನಮ್ಮ ಮರದ್ದೇ ಹಣ್ಣು.”

“ನಿಂಗೆ ಹೊಟ್ಟೆಕಿಚ್ಚು” ಅಂದ ಗಂಡ. “ಹಿತ್ತಲಿನ ಹಣ್ಣಿಗೆ ಏಳು ಕಡಲು ದಾಟೋ ಹಣೆಬರಹ ಎಲ್ಲಿಂದ ಬರಬೇಕು? ನಂಗೂ ನೆಟ್ಟಗೆ ನಡೆಯೋ ಆಸೆ ಇಲ್ವೇನೇ?” ಅವನ ದನಿ ಕೇಳಿ ನಿಂಗಾಜಿಗೆ ಅಳು ಬಂತು. ಅವನ ಮಂಡಿಗೆ ರಾತ್ರಿಯೆಲ್ಲ ಎಣ್ಣೆ ತಿಕ್ಕುವವಳು ಅವಳೇ ಅಲ್ಲವೇ.

ಆಮೇಲೆ ಪಕ್ಕದ ಮನೆಗೆ ಹೋದಳು. “ಚಿಕ್ಕತಾಯಕ್ಕ, ನಿನ್ನ ದಮ್ಮಯ್ಯ, ನನ್ನ ಬಾಯಲ್ಲಿ ಬರಬಾರದು, ನೀನಾದ್ರೂ ಹೇಳು. ಕಪ್ಪಗಿರ್ತದೆ, ಒಗರಾಗಿರ್ತದೆ, ತಿಂದ್ರೆ ನಾಲಿಗೆ ಬಣ್ಣ. ಯಾವುದದು?”

“ಗೊತ್ತಿಲ್ವೇನೇ, ಅವರಾಣು” ಅಂದಳು ಚಿಕ್ಕತಾಯಮ್ಮ, ನೀಲಿ ನಾಲಿಗೆ ಚಾಚಿ.

ಕೊನೆಗೆ ಊರ ಜಗುಲಿಗೇ ಹೋದಳು. ಗೌಡರಿದ್ದರು, ಊರಿತ್ತು, ವ್ಯಾಪಾರಿಯೂ ಇದ್ದ. “ಗೌಡರೇ, ಇದು ಕಡಲಾಚೇದಲ್ಲ. ಸಂತೇಲಿ ಇವರಿಗೆ ಮಾರಿದೋಳು ನಾನೇ” ಅಂದಳು.

ವ್ಯಾಪಾರಿ ತಿರುಗಿ ನೋಡಿದ. ಗುರುತು ಹತ್ತಿತು. ಗಾಡಿಯ ಕಡೆ ಒಂದು ಹೆಜ್ಜೆ ಇಟ್ಟ. ಆದರೆ ಪಾಕಡ ಮನುಷ್ಯ. ಇವಳು ಹೆಸರು ಹೇಳುವವಳಲ್ಲ ಅನ್ನೋದು ಅವನಿಗೆ ನೆನಪಿತ್ತು. “ಹಂಗಾದ್ರೆ ಹೆಸರು ಹೇಳಮ್ಮ, ಎಲ್ಲರೂ ಕೇಳಲಿ. ಇದು ಯಾವ ಹಣ್ಣು?” ಅಂದ.

ನಿಂಗಾಜಿ ಬಾಯಿ ತೆರೆದಳು, ಮುಚ್ಚಿದಳು. ತೆರೆದಳು, ಮುಚ್ಚಿದಳು. “ಇದು... ಇದು ಅವ್ರಣ್ಣು ಕಣ್ರಪ್ಪಾ” ಅಂದಳು.

“ನಾವೂ ಅದನ್ನೇ ಹೇಳ್ತಿರೋದು, ಅವರಾಣು” ಅಂತ ಇಡೀ ಜಗುಲಿ ಬಿದ್ದು ಬಿದ್ದು ನಕ್ಕಿತು. “ಇಲ್ಲ, ಅವ್ರಣ್ಣು, ಅವ್ರಣ್ಣು” ಅಂತ ಅವಳು ಅಂದಷ್ಟೂ ಜನ “ಹೂಂ, ಹೂಂ” ಅಂದರು. ಅವಳ ಬಾಯಿಂದಲೇ ಹೆಸರು ಕೇಳಿ, ಅಲ್ಲಿವರೆಗೆ ಕೊಳ್ಳದವರೂ ಕೊಂಡರು. ನಿಂಗಾಜಿ ಸೆರಗು ಕಚ್ಚಿಕೊಂಡು ಮನೆಗೆ ಬಂದಳು.

ಬೆಳಗಾಯಿತು. ಕೊಡಲಿ ಮಸೆಯಿತು ನೇರಳೆ. ಅಲ್ಲ ಅಲ್ಲ, ಮಸೆದ. ನೋಡಿ, ಮರವೋ ಮನುಷ್ಯನೋ ನನಗೇ ಗೊಂದಲ. ವ್ಯಾಪಾರಿ ಹಗ್ಗ ಹಿಡಿದು ನಿಂತ, ಹಿಂದೆ ಊರಿಗೆ ಊರೇ ನೋಡೋಕೆ ನಿಂತಿತು. ನಿಂಗಾಜಿ ಕೈ ಹಿಡಿದಳು, ಗಂಡ ಕೊಸರಿಕೊಂಡ. ಕಾಲು ಹಿಡಿದಳು, ದಾಟಿಕೊಂಡು ಹೋದ. ಕೊಡಲಿ ಎತ್ತಿದ.

ಕೇಳಿ, ಆ ಗಳಿಗೆಯಲ್ಲಿ ಅವಳು ಎಂಥ ಲೆಕ್ಕ ಹಾಕಿರಬೇಕು. ಹೆಸರು ಹೇಳಿದರೆ ಗಂಡನ ಆಯಸ್ಸು ಹೋಗುತ್ತದೆ. ಹೇಳದಿದ್ದರೆ ಮರ ಹೋಗುತ್ತದೆ, ಮರದ ಜೊತೆ ಅನ್ನ ಹೋಗುತ್ತದೆ, ತಮ್ಮದೇ ಹಣ್ಣಿನ ಪುಡಿ ತಿಂದುಕೊಂಡು ಇದೇ ಗಂಡ ಹಸಿದು ಕೂರುತ್ತಾನೆ. ಅವಳಿಗೆ ಭಯವಾಯಿತು. ಭಯಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಸೆರಗು ಬಾಯಿಂದ ತೆಗೆದಳು.

“ನೇರಳೇ!”

ಊರ ಹೆಂಗಸರು ಕೆನ್ನೆ ಬಡಿದುಕೊಂಡರು. ಎತ್ತಿದ ಕೊಡಲಿ ಎತ್ತಿದ ಹಾಗೇ ನಿಂತಿತು. ಅಷ್ಟು ವರ್ಷದಲ್ಲಿ ಒಮ್ಮೆಯೂ ಆ ಬಾಯಲ್ಲಿ ತನ್ನ ಹೆಸರು ಕೇಳದ ಗಂಡ, ಕಿವಿಯನ್ನು ನಂಬದೆ ತಿರುಗಿ, “ಓ” ಅಂದ. ಕೊಡಲಿ ಕೈ ಜಾರಿ ಬುಡಕ್ಕೆ ಢಬ್ಬೆಂದು ಬಡಿಯಿತು, ಮರ ನಡುಗಿತು, ಮಾಗಿದ ಹಣ್ಣು ದಬದಬ ಉದುರಿ ವ್ಯಾಪಾರಿಯ ಪಟ್ಟೆ ರುಮಾಲೆಲ್ಲ ನೀಲಿಯಾಯಿತು.

“ಕುಡಿಕೇಲಿರೋದು ನೇರಳೆ” ಅಂದಳು ನಿಂಗಾಜಿ. “ಮತ್ತೆ ಹೇಳ್ತೀನಿ, ನೇರಳೆ.”

ಗೌಡರು ಮುಂದೆ ಬಂದರು. “ಗಂಡನ ಹೆಸರೆತ್ತಿ ಯಾವ ಹೆಂಗಸಾದ್ರೂ ಸುಳ್ಳು ಹೇಳ್ತಾಳೇನ್ರೋ?” ಅಂದರು. ಒಂದು ಹಣ್ಣು ಎತ್ತಿ ಬಾಯಿಗೆ ಹಾಕಿಕೊಂಡು, ಕುಡಿಕೆಯ ಪುಡಿಯನ್ನೂ ಒಂದು ಬೆರಳು ನೆಕ್ಕಿದರು. ಎಲ್ಲರೂ ಹಾಗೇ ಮಾಡಿದರು. ಬಾಯಿ ಅದೇ ಒಗರು, ನಾಲಿಗೆ ಅದೇ ಬಣ್ಣ. ಚಿಕ್ಕತಾಯಮ್ಮ ಮೆಲ್ಲಗೆ ನಾಲಿಗೆ ಒಳಗೆಳೆದುಕೊಂಡಳು.

ವ್ಯಾಪಾರಿಗೆ ಏನು ಮಾಡಿದರು ಅಂತೀರಾ? ಹೊಡೆಯಲಿಲ್ಲ, ಬಡಿಯಲಿಲ್ಲ. ಕೂರಿಸಿ ಹಣ್ಣು ತಿನ್ನಿಸಿದರು. ಒಂದು ತಟ್ಟೆ, ಇನ್ನೊಂದು ತಟ್ಟೆ, ಮತ್ತೊಂದು ತಟ್ಟೆ. ಆರೋಗ್ಯಕ್ಕೆ ಒಳ್ಳೇದು ತಿನ್ನಿ ಸ್ವಾಮಿ ಅಂದರು. ಒಗರಿಗೆ ಗಂಟಲು ಹಿಡಿದು, ಅಷ್ಟು ಮಾತಾಡುತ್ತಿದ್ದವನ ಬಾಯಿಂದ ಕೀಚು ದನಿ ಬಿಟ್ಟು ಬೇರೇನೂ ಹೊರಡಲಿಲ್ಲ. ರಾಗಿ, ಕೋಳಿ, ಕಂಬಳಿ ಇಳಿಸಿಕೊಟ್ಟು ಬರಿಗಾಡಿ ಹೊಡೆದುಕೊಂಡು ಹೋದ. ತಾನೇ ಕಡಿಸಲು ಹೊರಟ ಮರ ಯಾವುದು ಅಂತ ಗೊತ್ತಾದ ಮೇಲೆ, ಹೋಗುವಾಗ ಅದಕ್ಕೆ ಕೈಮುಗಿದೇ ಹೋದನಂತೆ.

ಎಲ್ಲರೂ ಹೋದ ಮೇಲೆ ನಿಂಗಾಜಿ ಮರದ ಬುಡದಲ್ಲಿ ಕೂತು ಅತ್ತಳು. “ನಿಮ್ಮ ಆಯಸ್ಸು ನಾನೇ ತಿಂದೆನಲ್ಲಾ” ಅಂದಳು. ಗಂಡ ಮಂಡಿ ಹಿಡಿದುಕೊಂಡು, ಅಮ್ಮಾ ಅಪ್ಪಾ ಅಂತ ಅವಳ ಪಕ್ಕ ಕೂತ. ಆಮೇಲೆ, “ಲೇ, ನನ್ನ ಹೆಸರು ಇಷ್ಟು ಚೆನ್ನಾಗಿದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ. ಇನ್ನೊಂದು ಸಲ ಕೂಗೇ” ಅಂದ.

ಆಯಸ್ಸು ಕಮ್ಮಿಯಾಯಿತೇ? ಎಲ್ಲಿ ಕಮ್ಮಿ? ಮೊಮ್ಮಕ್ಕಳ ಮದುವೆಯಲ್ಲಿ ಎರಡು ಸಲ ಪಾಯಸ ಹಾಕಿಸಿಕೊಂಡ. ಮಂಡಿನೋವು ಹೋಯಿತೇ? ಅದೂ ಹೋಗಲಿಲ್ಲ, ಅವನ ಜೊತೆಗೇ ಇತ್ತು. ನಿಂಗಾಜಿ ಮಾತ್ರ ಅಂದಿನಿಂದ ಸಂತೆಯಲ್ಲಿ ಸೆರಗು ಅಡ್ಡ ಹಿಡಿಯಲಿಲ್ಲ. “ನೇರಳೇ, ನೇರಳೇ” ಅಂತ ಗಂಟಲು ಬಿಟ್ಟು ಕೂಗೋಳು. ಬುಟ್ಟಿಯ ಹಿಂದೆ ಕಾಲು ಚಾಚಿ ಕೂತ ಮುದುಕ, ಒಂದೊಂದು ಕೂಗಿಗೂ “ಓ” ಅನ್ನೋನು.

ಅಲ್ಲಿ ಅವಳ ಬುಟ್ಟಿ ಖಾಲಿಯಾಯಿತು, ಇಲ್ಲಿ ನನ್ನ ಬಾಯಿ ಖಾಲಿಯಾಯಿತು. ಹೂಂಗುಟ್ಟಿದ ತಾತನ್ನ ಎಬ್ಬಿಸಿ, ಮನೆಗೆ ನಡೀರಿ.