ಮಂಗಳಾರತಿಗೆ ಮೊದಲು

ನನ್ನ ಹೆಸರು ತಮ್ಮಯ್ಯ, ತಂದೆ ಲೇಟ್ ಲಕ್ಕಪ್ಪ, ವಯಸ್ಸು 58 ವರ್ಷ, ಕಸುಬು ವ್ಯವಸಾಯ ಮತ್ತು ನಾಟಕ, ವಾಸ ಹಾರನಹಳ್ಳಿ, ಅರಸೀಕೆರೆ ತಾಲ್ಲೂಕು. ನಾನು ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ,

ನಮ್ಮೂರಿನಲ್ಲಿ ತಾತನ ಕಾಲದಿಂದ ಆಡಿಕೊಂಡು ಬಂದ ಒಂದು ನಾಟಕವಿದೆ. ಅದರಲ್ಲಿ ರಾಜನು ಗುರುತು ಸಿಗದೆ ಸ್ವಂತ ಮಗನನ್ನೇ ಕೊಲ್ಲುತ್ತಾನೆ. ರಾಜನ ಪಾರ್ಟು ನನ್ನದು, ರಾಜಕುಮಾರನ ಪಾರ್ಟು ನನ್ನ ಮಗ ಚನ್ನೇಶನದು, ವಯಸ್ಸು 26. ಬೆಂಗಳೂರಿನವರು ಇದನ್ನು ಸಿನಿಮಾ ಮಾಡಲು ಬಂದು, ನಮ್ಮಿಬ್ಬರನ್ನೇ ಹಾಕಿಕೊಂಡು, ಹಳೇಬೀಡು–ಜಾವಗಲ್ ರಸ್ತೆ ಪಕ್ಕದ ಬಯಲಿನಲ್ಲಿ ಒಂದು ವಾರದಿಂದ ಶೂಟಿಂಗ್ ನಡೆಸುತ್ತಿದ್ದರು.

ಈ ದಿನ ಸಂಜೆ 4.30ಕ್ಕೆ ಮಗ ಸಾಯುವ ಸೀನು ಮುಗಿಯಿತು. ಅದಕ್ಕಾಗಿ ಅವನ ಮುಖ ಮೈಗೆಲ್ಲ ರಕ್ತದಂತೆ ಕೆಂಪು ಬಣ್ಣ ಹಚ್ಚಿದ್ದರು. ನಾಟಕದಲ್ಲಾದರೆ ಸತ್ತವನು ಎದ್ದು ಬಂದು, ರಾಜನ ಪಕ್ಕ ನಿಂತು ಮಂಗಳಾರತಿ ತೆಗೆದುಕೊಂಡ ಮೇಲೆಯೇ ಬಣ್ಣ ತೊಳೆಯುವುದು. ಸಾವು ಮೈಗೆ ಅಂಟಬಾರದು ಎಂದು ಹಿರಿಯರು ಮಾಡಿಟ್ಟ ಪದ್ಧತಿ. ಆರತಿ ಮಾಡಿಸಿ ಎಂದು ಡೈರೆಕ್ಟರನ್ನು ಕೇಳಿದೆ. ಮುಂದಿನ ಶಾಟಿಗೆ ಬೆಳಕು ಹೋಗುತ್ತದೆ, ಅದೆಲ್ಲ ಬೇಡ ಎಂದರು. ಸಿನಿಮಾದವರಿಗೆ ಹೆಣ ಬಿದ್ದರೆ ಸಾಕು, ಏಳುವುದು ಬೇಕಿಲ್ಲ. ನನಗೆ ಸಿಟ್ಟು ಬಂತು. ಊರಿಗೆ ಹೋಗಿ ಆರತಿ ಮಾಡಿಸೋಣ, ಅಲ್ಲಿಯವರೆಗೆ ಬಣ್ಣ ತೊಳೆಯಬೇಡ ಎಂದು ಮಗನಿಗೆ ಹೇಳಿದೆ. ಈ ವೇಷದಲ್ಲಿ ಬೈಕ್ ಓಡಿಸಿದರೆ ಜನ ನಗುತ್ತಾರೆ ಎಂದು ಅವನು ಗೊಣಗಿದ. ಆದರೂ ನನ್ನ ಮಾತು ಮೀರಲಿಲ್ಲ. ನಾನೂ ರಾಜನ ವೇಷ ಬಿಚ್ಚಲಿಲ್ಲ. ಹೆಂಡತಿ ಚಲುವಮ್ಮನಿಗೆ ಫೋನ್ ಮಾಡಿ ಆರತಿ ತಟ್ಟೆ ಸಿದ್ಧವಾಗಿಡಲು ತಿಳಿಸಿದೆ.

5.10ಕ್ಕೆ, ಶೂಟಿಂಗ್ ಜಾಗದಿಂದ ಸುಮಾರು ಒಂದು ಕಿ.ಮೀ. ದೂರದಲ್ಲಿ, ಎದುರಿನಿಂದ ಬಂದ ಲಾರಿ ನಮ್ಮ ಬೈಕಿಗೆ ಗುದ್ದಿ ನಿಲ್ಲಿಸದೆ ಹೋಯಿತು. ನಂಬರ್ ನೋಡಲಾಗಲಿಲ್ಲ. ನನಗೆ ಮೊಣಕೈ ತರಚಿತು. ಮಗ ರಸ್ತೆಗೆ ಬಿದ್ದಿದ್ದ. ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂಗಿಕೊಂಡೆ. ಜನ ಬಂದರು, ಆದರೆ ದೂರದಲ್ಲೇ ನಿಂತರು. ಕ್ಯಾಮೆರಾಗೆ ಅಡ್ಡ ಬರಬೇಡಿ ಎಂದು ವಾರವೆಲ್ಲ ಸಿನಿಮಾದವರಿಂದ ಗದರಿಸಿಕೊಂಡವರು ಅವರು. ಮುಂದೆ ಬಂದವರನ್ನು ಅವರವರೇ ಹಿಂದಕ್ಕೆ ಎಳೆದುಕೊಂಡರು. ಆಸ್ಪತ್ರೆ ಎಂದೆ, ಗಾಡಿ ಎಂದೆ, ನಿಮ್ಮ ಕಾಲು ಹಿಡಿಯುತ್ತೇನೆ ಎಂದೆ. ಮೂವತ್ತು ವರ್ಷದಿಂದ ನನ್ನ ಗಂಟಲಿಗೆ ರಾಜನ ಅಳುವೇ ಅಭ್ಯಾಸ, ಬೇರೆ ಅಳು ಬರಲಿಲ್ಲ. ಒಬ್ಬ ಚಪ್ಪಾಳೆ ತಟ್ಟಿದ.

ಮಗನಿಗೆ ಆಗ ಪ್ರಜ್ಞೆ ಇತ್ತು. "ಅಪ್ಪಾ, ಬಣ್ಣ ಒರ್ಸು. ಇವ್ರಿಗೆ ಗೊತ್ತಾಗ್ತಿಲ್ಲ" ಎಂದ. ಪಂಚೆಯ ಅಂಚಿನಿಂದ ಒರೆಸಿದೆ. ಒರೆಸಿದಷ್ಟೂ ಕೆಂಪೇ ಬಂತು.

ಆ ದಾರಿಯಲ್ಲಿ ಹುಲ್ಲಿನ ಹೊರೆ ಹೊತ್ತು ಬಂದ ಹುಚ್ಚಮ್ಮ ಎಂಬ ಹೆಂಗಸು ಹೊರೆ ಎಸೆದು, ಮಗನ ಹೊಟ್ಟೆ ಮುಟ್ಟಿ ನೋಡಿ, "ಇದು ಸಿನಿಮಾ ಅಲ್ಲ ಕಣ್ರಪ್ಪ" ಎಂದು ಕೂಗಿದ ಮೇಲೆ ಟೆಂಪೊ ನಿಲ್ಲಿಸಿದರು. ಆಗ 5.35. ಆಸ್ಪತ್ರೆ ತಲುಪುವ ಮೊದಲೇ ಪ್ರಾಣ ಹೋಗಿತ್ತು.

ಲಾರಿಯನ್ನು ಪತ್ತೆ ಮಾಡಿ ಕ್ರಮ ಕೈಗೊಳ್ಳಬೇಕೆಂದು ಕೋರುತ್ತೇನೆ. ಜನರ ಮೇಲೆ ನನ್ನ ದೂರಿಲ್ಲ. ಬಣ್ಣ ತೊಳೆಯಬೇಡ ಎಂದವನು ನಾನು. ಚಲುವಮ್ಮ ತಟ್ಟೆ ಇಟ್ಟುಕೊಂಡು ಬಾಗಿಲಲ್ಲಿ ಕಾಯುತ್ತಿರುತ್ತಾಳೆ. ಅವಳಿಗೆ ಇನ್ನೂ ಯಾರೂ ತಿಳಿಸಿಲ್ಲ.

ಬರೆಸಿದ್ದನ್ನು ಓದಿಸಿ ಕೇಳಿದೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ಸತ್ಯ. ಸಹಿಯ ಮೇಲಿರುವ ಕೆಂಪು ಗುರುತು ನನ್ನ ಕೈಯಿಂದ ಆದದ್ದು. ಅದು ಬಣ್ಣವಲ್ಲ.

ಸ್ಥಳ: ಹಳೇಬೀಡು
ದಿನಾಂಕ: 14-02-2025
ಸಹಿ/- ತಮ್ಮಯ್ಯ