ನಾನು ಬಸವರಾಜನ ಬೆನ್ನು ತಟ್ಟಿದ್ದೆ

...ಸತ್ತದ್ದು ಹೌದಾದ್ರೆ ಸತ್ತ, ಅದಕ್ಕೆ ನಾನೆಂತಕ್ಕೆ ಕೈ ಮುಗಿಯುದು? ನಿಮ್ಮ ಅಪ್ಪ ಈಗ ಮೊಬೈಲ್ ತಂದು ಕಣ್ಣಿಗೆ ಹಿಡಿದ, "ಮಾವ, ನಿಮ್ಮ ಏರ್‌ಫೋರ್ಸಿನ ದೊಡ್ಡ ಆಫೀಸರ್ ಅಂತೆ, ಎಪ್ಪತ್ತೊಂದರ ಯುದ್ಧದಲ್ಲಿ ಇದ್ದವರಂತೆ, ಹೋಗಿಬಿಟ್ರು, ಪರಿಚಯ ಉಂಟಾ?" ಅಂತ. ಪರಿಚಯ! ಕೆಳಗೆ ಎಲ್ಲರೂ ಓಂ ಶಾಂತಿ ಹಾಕಿದ್ದಾರೆ. ಅವರಿಗೆ ಗೊತ್ತಿಲ್ಲ, ಹಾಕಲಿ. ನಾನು ಹಾಕುದಿಲ್ಲ. ಏ ಅನ್ವಿ, ನೀನು ನನ್ನನ್ನು ಹಾಗೆ ನೋಡಬೇಡ. ಎಂತ ಹೇಳಿದ್ದು ನೀನು? "ಅಜ್ಜ, ಯು ಆರ್ ಸೋ ಮೀನ್." ಹೌದು, ಮೀನೇ. ಇಲ್ಲಿ ಬಂದು ಕೂತುಕೊಳ್ಳಿ ಇಬ್ಬರೂ. ಪ್ರಣವ, ಆ ಬಾಲ್ಕನಿ ಬಾಗಿಲು ಎಳೆ, ಒಳಗಿನ ಏಸಿಯ ತಂಪೆಲ್ಲ ಹೊರಗೆ ಹೋಗ್ತದೆ, ಆಮೇಲೆ ನಿನ್ನ ಅಮ್ಮ ನನಗೆ ಬೈತಾಳೆ. ಆ ಮನುಷ್ಯನ ಹೆಸರು ನಾನು ಬಾಯಲ್ಲಿ ಹೇಳುದಿಲ್ಲ. ಸ್ಟೋರ್ ಸಾಹೇಬ ಅಂತ ಇಟ್ಟುಕೊಳ್ಳಿ, ಅಷ್ಟು ಸಾಕು ಅವನಿಗೆ.

ನಮ್ಮದು ಬಾಂಬರ್ ವಿಮಾನ ಅಂತ ನಿಮಗೆ ಹೇಳಿದ್ದೇನಲ್ಲ, ಅದು ನಿಜವಾಗಿ ಬಾಂಬರೇ ಅಲ್ಲ ಗೊತ್ತುಂಟಾ. ಸಾಮಾನು ಹೊರುವ ವಿಮಾನ. ನಾಲ್ಕು ರೆಕ್ಕೆ, ಅಲ್ಲ ಅಲ್ಲ, ನಾಲ್ಕು ಇಂಜಿನು, ರೆಕ್ಕೆ ಎರಡೇ. ಜೀಪು, ಅಕ್ಕಿ ಮೂಟೆ, ಕುರಿ, ಎಲ್ಲ ಹೊತ್ತದ್ದು ಅದು. ಯುದ್ಧ ಬಂದಾಗ ಭಾರದ ಬಾಂಬರುಗಳು ಸಾಲಲಿಲ್ಲ, ಇದರ ಹೊಟ್ಟೆಯಲ್ಲೇ ಬಾಂಬು ತುಂಬಿಸುವಾ ಅಂತ ಯಾರೋ ದೊಡ್ಡ ತಲೆಯವರು ಹೇಳಿದರು. ಬಾಂಬು ಬೀಳಿಸ್ಲಿಕ್ಕೆ ಹೊಟ್ಟೆಯಲ್ಲಿ ಬಾಗಿಲು ಬೇಕಲ್ಲ? ಇಲ್ಲ. ಹಾಗಾಗಿ ಮರದ ಹಲಗೆಯ ಮೇಲೆ ಬಾಂಬು ಕಟ್ಟಿ, ನೆಲದಲ್ಲಿ ಉರುಳೆ ಕೂರಿಸಿ, ಹಿಂದಿನ ದೊಡ್ಡ ಬಾಗಿಲು ತೆರೆದು, ಗಂಟೆ ಬಾರಿಸಿದ ಕೂಡಲೇ ನಾವು ಕೈಯಲ್ಲಿ ದಬ್ಬುದು. ಕೈಯಲ್ಲಿ! ನೀನು ನಗ್ತೀಯಾ? ಆ ದೊಡ್ಡ ಅಂಗಡಿಗಳಲ್ಲಿ ಟ್ರಾಲಿ ದಬ್ಬುತ್ತೀಯಲ್ಲ, ಹಾಗೇ. ಆದ್ರೆ ಎದುರಿಗೆ ಗೋಡೆ ಇಲ್ಲ, ಆಕಾಶ. ಮೂಗಿಗೆ ಉಸಿರಿನ ನಳಿಗೆ, ಕೈಗೆ ದಪ್ಪ ಗವಸು, ಚಳಿ ಅಂದ್ರೆ ಎಂತ ಚಳಿ ಮಾರಾಯ, ಕಣ್ಣಿನ ನೀರು ರೆಪ್ಪೆಯಲ್ಲೇ ಗಟ್ಟಿ ಆಗುದು. ಸೊಂಟಕ್ಕೆ ಒಂದು ಬೆಲ್ಟು, ಅದರ ಬೆನ್ನಿನಿಂದ ಒಂದು ಉದ್ದದ ಪಟ್ಟಿ, ಪಟ್ಟಿಯ ತುದಿಯಲ್ಲಿ ಕೊಂಡಿ, ಆ ಕೊಂಡಿಯನ್ನು ವಿಮಾನದ ನೆಲದ ಕಬ್ಬಿಣದ ಬಳೆಗೆ ಸಿಕ್ಕಿಸಬೇಕು. ಅದೊಂದೇ ನಮ್ಮನ್ನು ಹಿಡಿದದ್ದು. ಈಗ ಕೇಳಿ, ಇದು ಮುಖ್ಯ. ಆ ಗವಸು ಹಾಕಿ ಬೆನ್ನ ಹಿಂದಿನ ಕೊಂಡಿ ನಮಗೆ ನಾವೇ ಹಾಕ್ಲಿಕ್ಕೆ ಆಗುದಿಲ್ಲ. ಹಾಗಾಗಿ ನಮ್ಮಲ್ಲಿ ಒಂದು ಕ್ರಮ. ನಿನ್ನ ಕೊಂಡಿ ನಿನ್ನ ಜೊತೆಯವ ಹಾಕುದು, ಎಳೆದು ನೋಡುದು, ಆಮೇಲೆ ಬೆನ್ನಿಗೆ ಎರಡು ಸಲ ತಟ್ಟುದು. ಇಂಜಿನಿನ ಗಲಾಟೆಯಲ್ಲಿ ಮಾತು ಕೇಳುದಿಲ್ಲ, ತಟ್ಟಿದ್ರೆ ಹಾಕಿದೆ ಅಂತ ಅರ್ಥ. ತಟ್ಟದೆ ಯಾರೂ ಬಾಗಿಲ ಹತ್ರ ಕಾಲಿಡುದಿಲ್ಲ. ದೇವರಾಣೆ ಇಡುದಿಲ್ಲ.

ನನ್ನ ಜೊತೆಯವ ಬಸವರಾಜ. ಗದಗದ ಹತ್ರ ಒಂದು ಊರು. ನನ್ನ ಕೊಂಡಿ ಅವನು, ಅವನ ಕೊಂಡಿ ನಾನು. ನನ್ನನ್ನು ಅವನು ಹೆಸರು ಹಿಡಿದು ಕರೆದದ್ದೇ ಇಲ್ಲ, ಮಂಗಳೂರಿನವ ಅಂತ "ಏ ಮೀನಾ" ಅನ್ನುದು. "ಏ ಮೀನಾ, ನಿಮ್ಮ ಊರಾಗ ಅನ್ನದ ಜೋಡಿ ಏನ್ ಹಚ್ಕೊಂತೀರಿ, ಸಮುದ್ರಾ?" ಅಂತ. ನಾನು ಸುಮ್ಮನೆ ಇರುದಾ? "ನಿನ್ನ ರೊಟ್ಟಿಯನ್ನು ಹಲಗೆಗೆ ಕಟ್ಟಿ ದಬ್ಬಿದ್ರೆ ಬಾಂಬೇ ಬೇಡ ಮಾರಾಯ" ಅನ್ನುದು. ಹಾಗಿದ್ದೆವು. ರಜೆಯಲ್ಲಿ ಊರಿಗೆ ಹೋದಾಗ ಅವನ ಅವ್ವನಿಗೂ ಈ ಕೊಂಡಿಯ ವಿಷಯ ಹೇಳಿದ್ದಂತೆ. "ಹೆದರಬ್ಯಾಡ ಬೇ, ನನ್ನ ಕೊಂಡಿ ಮಂಗಳೂರಿನಂವ ಹಾಕ್ತಾನ." ಅವ್ವ ಅವನ ಕೈಯಲ್ಲಿ ನನಗೆ ಶೇಂಗಾ ಚಟ್ನಿ ಕೊಟ್ಟು ಕಳಿಸಿದ್ದಳು. ಆಗ ನಾನು ಅವ್ವನ ಮುಖ ಸಹ ನೋಡಿರಲಿಲ್ಲ.

ಅವನ ಪಟ್ಟಿ ಸರಿ ಇರಲಿಲ್ಲ. ಹೊಲಿಗೆ ಬಿಟ್ಟು ನೂಲು ನೂಲಾಗಿ ನೇತಾಡ್ತಿತ್ತು. ಇಬ್ಬರೂ ಹೋಗಿ, ಸಾಮಾನಿನ ಕೋಣೆ ನೋಡಿಕೊಳ್ಳುವ ಸ್ಟೋರ್ ಸಾಹೇಬನ ಮೇಜಿನ ಮೇಲೆ ಇಟ್ಟೆವು. ಅವನು ಮುಟ್ಟಿಯೂ ನೋಡಲಿಲ್ಲ, ಪೆನ್ಸಿಲಿನ ತುದಿಯಲ್ಲಿ ಎತ್ತಿದ, ಸತ್ತ ಹಾವು ಎತ್ತಿದ ಹಾಗೆ. "ಏನ್ರಪ್ಪಾ, ಮದುವೆ ಮನೆಗೆ ಹೊರಟಿದ್ದೀರಾ ಹೊಸದು ಬೇಕು ಅನ್ನೋಕೆ? ಇದು ಚೆನ್ನಾಗೇ ಇದೆ. ಹೋಗಿ, ಹೋಗಿ." ಅವನ ಹಿಂದಿನ ಕಪಾಟಿನಲ್ಲಿ ಹೊಸ ಪಟ್ಟಿಗಳು ಕಾಗದ ಸಹ ಬಿಚ್ಚದೆ ಇದ್ದವು, ನನ್ನ ಕಣ್ಣಾರೆ ನೋಡಿದ್ದೇನೆ. ಖರ್ಚು ಮಾಡದೆ ಉಳಿಸಿದ್ರೆ ಮೇಲಿನವರು ಶಹಬ್ಬಾಸ್ ಅಂತಾರೆ ಅಂತ ಅವನಿಗೆ. ಬಸವರಾಜ ಹೊರಗೆ ಬಂದು, "ಹೋಗ್ಲಿ ಬಿಡು ಮೀನಾ, ದಾರ ತಗೊಂಡು ಹೊಲಕೊಂತೀನಿ" ಅಂದ. ಹೊಲಿದ ಕೂಡ, ಚೀಲ ಹೊಲಿಯುವ ಸೂಜಿಯಲ್ಲಿ.

ಮರುದಿನದ ದಾಳಿ ಗಡಿಯಾಚೆ ಒಂದು ಕಾಡಿನ ಮೇಲೆ. ಅಲ್ಲಿ ಅವರ ಮದ್ದುಗುಂಡಿನ ದಾಸ್ತಾನು. ನಾನು ಕೊಂಡಿ ಹಾಕಿದೆ. ಎಳೆದು ನೋಡಿದೆ. ಎರಡು ಸಲ ತಟ್ಟಿದೆ. ನೋಡಿ, ಈ ಕೈ, ಇದೇ ಕೈ. ಗಂಟೆ ಬಡಿಯಿತು, ದಬ್ಬಿದೆವು, ಕೆಳಗಿಂದ ಗುಂಡು ಹಾರಿಸ್ಲಿಕ್ಕೆ ಸುರು ಮಾಡಿದರು, ವಿಮಾನ ವಾಲಿತು, ಕೊನೆಯ ಹಲಗೆಯ ಮೂಲೆ ಬಾಗಿಲಿಗೆ ಸಿಕ್ಕಿ ನಿಂತಿತು. ಬಾಂಬು ಅರ್ಧ ಒಳಗೆ, ಅರ್ಧ ಹೊರಗೆ. ಬಸವರಾಜ ಮುಂದೆ ಹೋಗಿ ಕಾಲಲ್ಲಿ ಒದ್ದ. ಹಲಗೆ ಬಿಟ್ಟಿತು. ವಿಮಾನ ಇನ್ನೊಂದು ಸಲ ಎಗರಿತು, ಅವನ ಪಟ್ಟಿ ಬಿಗಿಯಾಯಿತು, ನನಗೆ ಸಮಾಧಾನ ಆಯಿತು ಅಷ್ಟರಲ್ಲಿ... ಇಲ್ಲ, ಇದನ್ನು ನಾನು ಹೆಚ್ಚು ಹೇಳುದಿಲ್ಲ. ಅವನು ಹೋದ. ಬಳೆಯಲ್ಲಿ ಕೊಂಡಿ ಹಾಗೇ ಉಂಟು, ಕೊಂಡಿಗೆ ಒಂದು ಗೇಣು ಪಟ್ಟಿ ಉಂಟು, ಹರಿದದ್ದು. ಬಸವರಾಜ ಇಲ್ಲ.

ಇಳಿದ ಕೂಡಲೇ ಸ್ಟೋರ್ ಸಾಹೇಬ ವಿಮಾನ ಹತ್ತಿದ. ಹಿಂದೆ ಯಾವತ್ತೂ ಹತ್ತಿದವನಲ್ಲ. "ವಿಚಾರಣೆಗೆ ಬೇಕಾಗುತ್ತೆ" ಅಂತ ಕೊಂಡಿ, ತುಂಡು ಪಟ್ಟಿ ಎರಡೂ ತಕ್ಕೊಂಡು ಹೋದ. ವಿಚಾರಣೆಯ ದಿನ ಆ ತುಂಡು ಇಲ್ಲ. ತುಂಡೇ ಇರಲಿಲ್ಲವಂತೆ! ಬಸವರಾಜ ಕೊಂಡಿ ಹಾಕಿಕೊಳ್ಳಲಿಲ್ಲ, ಸ್ವಂತ ಅಜಾಗ್ರತೆ, ಹಾಗೆ ಅವನು ಹೇಳಿಕೆ ಕೊಟ್ಟ. ನಾನು ಎದ್ದು ನಿಂತೆ. "ಸರ್, ನಮ್ಮಲ್ಲಿ ಯಾರೂ ತಾವೇ ಹಾಕಿಕೊಳ್ಳುದಿಲ್ಲ, ಅವನದ್ದು ನಾನು ಹಾಕಿದ್ದು." ಆಗ ಅವನು ತಣ್ಣಗೆ ಹೇಳಿದ, "ಹಾಗಾದ್ರೆ ಹಾಕದೇ ಇದ್ದೋನು ನೀನು. ಬರೆಸಲಾ?" ನೋಡಿ ಹೇಗೆ ಕಟ್ಟಿದ! ಬರೆಸಿ ಅಂದೆ. ಬರೆಸಲಿಲ್ಲ. ಸತ್ತವನ ಮೇಲೆ ಹಾಕಿದ್ರೆ ಯಾರೂ ಎದುರು ಮಾತಾಡುದಿಲ್ಲ ಅಲ್ವಾ, ಅಲ್ಲಿಗೇ ಮುಗಿಸಿದ. ಅವ್ವನಿಗೆ ಕಾಗದ ಹೋಯಿತು, ನಿಮ್ಮ ಮಗ ಕೊಂಡಿ ಹಾಕಿರಲಿಲ್ಲ ಅಂತ.

ಯುದ್ಧ ಮುಗಿದ ಮೇಲೆ ನಾನು ಅವ್ವನ ಮನೆಗೆ ಹೋದೆ. ಬಾಗಿಲಲ್ಲಿ ನಿಂತು, "ನಾನು ಮಂಗಳೂರಿನವ ಅವ್ವಾ" ಅಂದೆ. ಅವಳು ಅಳಲಿಲ್ಲ, ಬೈಯಲಿಲ್ಲ. "ನನ್ನ ಮಗನ ಕೊಂಡಿ ಹಾಕಾಂವ ನೀನ ಏನು?" ಹೌದು ಅವ್ವಾ. "ಹಾಕಿದ್ದಿಲ್ಲಂತ ಸರ್ಕಾರದವರು ಬರದಾರ." ಸುಳ್ಳು ಅವ್ವಾ, ನಾನು ಹಾಕಿದ್ದೆ, ಬೆನ್ನು ತಟ್ಟಿದ್ದೆ. "ತಟ್ಟಿದ್ರ ಅಂವ ಬೀಳ್ತಿದ್ದಿಲ್ಲ" ಅಂತ ಹೇಳಿ ಬಾಗಿಲು ಹಾಕಿದಳು. ಸರಿ ಅಲ್ವಾ ಅವಳ ಲೆಕ್ಕ? ಅವಳಿಗೆ ಗೊತ್ತಿದ್ದದ್ದರಲ್ಲಿ ಸರಿಯೇ. ಬಸವರಾಜನನ್ನು ಕೊಂದವ ನಾನು ಅಂತ ಅವಳ ಮನಸ್ಸಿನಲ್ಲಿ ಕೂತಿತು. ಅವರ ಮನೆಯೆದುರಿನ ದಿನಸಿ ಅಂಗಡಿಯಲ್ಲಿ ಫೋನ್ ಬಂದ ಮೇಲೆ, ಪ್ರತಿ ವರ್ಷ ಅವನು ಹೋದ ದಿನ ನಾನು ಇಲ್ಲಿ ಮಸ್ಕತ್ತಿನಿಂದ ಫೋನ್ ಮಾಡ್ತಿದ್ದೆ. ಅಂಗಡಿಯವ ಹೋಗಿ ಕರೆಯುದು, ವಾಪಸು ಬಂದು, "ಬರೂದಿಲ್ಲಂತ್ರೀ" ಅನ್ನುದು. ಪ್ರತಿ ವರ್ಷ ಅದೇ. ನನಗೆ ಅವ್ವನ ಮೇಲೆ ಕೋಪ ಇಲ್ಲ. ಆ ಕೋಪ ಎಲ್ಲ ನಾನು ಒಬ್ಬನಿಗೋಸ್ಕರ ಕೂಡಿಟ್ಟಿದ್ದೆ.

ಅಷ್ಟರಲ್ಲಿ ನಾನು ಮಸ್ಕತ್ತಿಗೆ ಬಂದು ವರ್ಷಗಳಾಗಿದ್ದವು, ನಿಮ್ಮ ಅಮ್ಮ ಇಲ್ಲಿಯೇ ಶಾಲೆಗೆ ಹೋಗ್ತಿದ್ದಳು. ಸೀಬ್ ವಿಮಾನ ನಿಲ್ದಾಣದ ಒಂದು ಕಾರ್ಗೋ ಶೆಡ್ಡಿನಲ್ಲಿ ನಾನು ಸೂಪರ್‌ವೈಸರ್. ಆಗ ನಾವೀಗ ಇರುವ ಈ ಬೌಷರಿನಲ್ಲಿ ಈ ಕಟ್ಟಡಗಳೆಲ್ಲ ಎಲ್ಲಿ, ಬರೀ ಕಲ್ಲುಗುಡ್ಡ, ಒಂದೆರಡು ಆಡು. ಇರಲಿ. ಒಂದು ದಿನ ಬೆಳಿಗ್ಗೆ ಟೈ ಕಟ್ಟಿಕೊಂಡು, ಸೂಟ್‌ಕೇಸ್ ಹಿಡಿದು ಒಬ್ಬ ಬಂದ. ಎತ್ತರದಲ್ಲಿ ಕೆಲಸ ಮಾಡುವವರಿಗೆ ಬೆಲ್ಟು ಮಾರ್ಲಿಕ್ಕೆ. ಎದೆಗೆ, ತೊಡೆಗೆ ಸುತ್ತಿ ಬರುವ ಬೆಲ್ಟು. ಯಾರು? ಅವನೇ! ರಿಟೈರ್ ಆಗಿ ಒಂದು ಕಂಪೆನಿ ಸೇರಿದ್ದ. ಜಗತ್ತಿನಲ್ಲಿ ಮಾರ್ಲಿಕ್ಕೆ ಬೇರೆ ಎಂತದೂ ಸಿಗಲಿಲ್ಲವಾ ಅವನಿಗೆ? ಬಟಾಟೆ ಮಾರಬಹುದಿತ್ತು. ನನ್ನ ಗುರುತು ಅವನಿಗೆ ಸಿಗಲಿಲ್ಲ, ನನಗೆ ಹೊಟ್ಟೆ ಬಂದಿತ್ತು, ಕೂದಲು ಹೋಗಿತ್ತು. ಕನ್ನಡದವ ಅಂತ ಗೊತ್ತಾಗಿ ಖುಷಿಪಟ್ಟ. "ನಮ್ಮೋರೇ ಇದ್ದೀರಲ್ಲ, ಕೆಲಸ ಸಲೀಸಾಯ್ತು ಬಿಡಿ. ಈ ಬೆಲ್ಟಲ್ಲಿ ಆನೆ ಬೇಕಾದ್ರೂ ನೇತುಹಾಕಿ ಸಾರ್." ನಾನು ಹೇಳಿದೆ, ಆನೆ ಇಲ್ಲಿ ಸಿಗುದಿಲ್ಲ ಸರ್, ನಮ್ಮಲ್ಲಿ ಮಾರುವವರೇ ನೇತು ತೋರಿಸಬೇಕು. ಅಂಥ ರೂಲ್ ಇರಲಿಲ್ಲ. ಆ ಕ್ಷಣಕ್ಕೆ ಮಾಡಿದ್ದು. ಅವನು ನಗ್ತಾ ಕೋಟು ತೆಗೆದ, ಬೆಲ್ಟು ಹಾಕಿಕೊಂಡ. ಬೆನ್ನಿನ ಕೊಂಡಿಯನ್ನು ಕ್ರೇನಿನ ಕೊಕ್ಕೆಗೆ ನಾನು ಸಿಕ್ಕಿಸಿದೆ. ಎಳೆದು ನೋಡಿದೆ. ಬೆನ್ನಿಗೆ ಎರಡು ಸಲ ತಟ್ಟಿದೆ. ಅವನಿಗೆ ಅದರ ಅರ್ಥವೇ ಗೊತ್ತಿಲ್ಲ! ಕ್ರೇನ್ ಓಡಿಸುವವ ಮುರಾದ್ ಅಂತ, ಬಲೂಚಿ. ಯಲ್ಲಾ ಮುರಾದ್ ಭಾಯಿ, ಉಠಾವ್, ಅಂದೆ.

ಮೇಲೆ ಹೋದ. ಕಾಲು ನನ್ನ ತಲೆಗಿಂತ ಎಷ್ಟೋ ಮೇಲೆ. ಆಗ ಕೇಳಿದೆ, "ಸರ್, ಬಸವರಾಜನ ನೆನಪುಂಟಾ?" ಅವನ ನಗು ಹಾಗೇ ನಿಂತಿತು, ಮುಖ ಮಾತ್ರ ಅದರ ಹಿಂದಿನಿಂದ ಜಾರಿಹೋಯಿತು. "ನೀನು... ಇಳಿಸಯ್ಯಾ. ಹಳೇ ವಿಷಯ ಅದೆಲ್ಲ." ತುಂಡು ಪಟ್ಟಿ ಎಲ್ಲಿ ಹೋಯಿತು ಸರ್? "ಯಾವ ಪಟ್ಟಿ?" ಮುರಾದ್, ಇನ್ನೂ ಸ್ವಲ್ಪ ಮೇಲೆ. "ಬಾವಿಗೆ! ಬಾವಿಗೆ ಹಾಕ್ದೆ! ನನ್ನ ಕೆಲಸ ಹೋಗ್ತಿತ್ತು, ಮನೇಲಿ ಮಗು ಇತ್ತು." ಅವ್ವನಿಗೂ ಮಗು ಇತ್ತು ಸರ್, ಅಂದೆ. ಎಂತ ಅನ್ವಿ? ಟಾರ್ಚರಾ? ಆಗಬಹುದು. ನನಗೆ ಪಾಪ ಅನ್ನಿಸಿತಾ ಅಂತ ಕೇಳ್ತೀಯಾ? ಇಲ್ಲ. ಈಗಲೂ ಇಲ್ಲ. ಆದ್ರೆ ನನಗೆ ಹೇಳಿ ಎಂತ ಪ್ರಯೋಜನ, ನನಗೆ ಗೊತ್ತಿದ್ದದ್ದೇ. ಹೇಳಬೇಕಾದ್ದು ಬೇರೆಯವರಿಗೆ. ಆಫೀಸಿನ ಫೋನ್ ಉದ್ದದ ವಯರು ಸಮೇತ ಎಳೆದು ತಂದು, ಅವನ ಮುಖಕ್ಕೆ ಎಟಕುವಷ್ಟು ಪೆಟ್ಟಿಗೆಗಳ ರಾಶಿ ಹತ್ತಿ, ಅಂಗಡಿಗೆ ಡಯಲ್ ಮಾಡಿದೆ. "ಬರೂದಿಲ್ಲಂತಾಳ್ರೀ ಆಕಿ, ಗೊತ್ತದಲ್ಲ ನಿಮಗ" ಅಂದ ಅಂಗಡಿಯವ. ಕೊಂಡಿ ಹಾಕಿರಲಿಲ್ಲ ಅಂತ ಹೇಳಿಕೆ ಕೊಟ್ಟ ಮನುಷ್ಯನೇ ಮಾತಾಡ್ತಾನೆ ಅಂತ ಹೇಳು, ಅಂದೆ. ಅವನು ಹೋದ. ನಾವು ಕಾದೆವು, ಮೇಲೆ ಸಾಹೇಬ, ರಾಶಿಯ ಮೇಲೆ ನಾನು, ಕೆಳಗೆ ಮುರಾದ್ ಬೀಡಿ ಹಚ್ಚಿಕೊಂಡು. ಇವತ್ತೂ ಅವ್ವ ಬಾರದಿದ್ರೆ ಅಂತ ರಿಸೀವರನ್ನು ಕಿವಿಗೆ ಒತ್ತಿ ಹಿಡಿದಿದ್ದೆ. ಸಾಹೇಬ ನಿಧಾನಕ್ಕೆ ತಿರುಗ್ತಿದ್ದ.

ಬಂದಳು. "ಯಾರು?" ಅಂತ ಆ ಧ್ವನಿ. ನಾನು ಮಾತಾಡಲಿಲ್ಲ, ರಿಸೀವರ್ ಅವನ ಬಾಯಿಗೆ ಹಿಡಿದೆ. "ಅಮ್ಮಾ, ನಿಮ್ಮ ಮಗ ಕೊಂಡಿ ಹಾಕಿದ್ದ. ಅಂದ್ರೆ, ಅವನ ಜೊತೆಯವರು ಹಾಕಿದ್ರು. ಪಟ್ಟಿ ಹಳೇದಿತ್ತು, ನಾನು ಬದಲಾಯಿಸ್ಲಿಲ್ಲ." ಅವ್ವ, "ಕೇಳವಲ್ದು, ಜೋರ ಹೇಳು." ಹೇಳಿದ. "ಇನ್ನೊಮ್ಮೆ." ಹೇಳಿದ, ಶೆಡ್ಡೆಲ್ಲ ಕೇಳುವ ಹಾಗೆ. ಅವ್ವನಿಗೆ ಮೊದಲನೇ ಸಲವೇ ಕೇಳಿದೆ ಅಂತ ನನಗೆ ಗೊತ್ತಾಯಿತು. ಆಮೇಲೆ, "ಮಂಗಳೂರಿನಂವಗ ಕೊಡು" ಅಂದಳು. ಇದ್ದೇನೆ ಅವ್ವಾ. "ಅಂವ ಯಾಕ ಹಂಗ ಏದುಸಿರು ಬಿಡಾಕತ್ತಾನ, ಓಡಿ ಬಂದಾನೇನು?" ಇಲ್ಲ ಅವ್ವಾ, ಬೆಲ್ಟಿನಲ್ಲಿ ಮೇಲೆ ನೇತುಹಾಕಿದ್ದೇನೆ. ಈಗ ಬೈತಾಳೆ ಅಂದುಕೊಂಡೆ. "ಪಟ್ಟಿ ಗಟ್ಟಿ ಐತೇನಪಾ?" ಗಟ್ಟಿ ಉಂಟು ಅವ್ವಾ. "ಹಂಗಾರ ನಾ ಮನಿ ಮುಟ್ಟೂತನಾ ಇಳಸಬ್ಯಾಡ ಮಗನ. ನನಗ ಮೊಣಕಾಲ ನೋವು, ಸಾವಕಾಶ ಹೊಕ್ಕೇನಿ."

ಮಗನ ಅಂದಳು. ನನಗೆ. ನಾನು ಅಂಗಡಿಯವನಿಗೆ, ಫೋನ್ ಇಡಬೇಡ, ಅವ್ವ ಮನೆ ಮುಟ್ಟಿದ ಕೂಡಲೇ ಹೇಳು ಅಂದೆ. ಅವನು ಹೇಳ್ತಾ ಹೋದ, "ರಸ್ತೆ ದಾಟಿದ್ಲು ನೋಡ್ರಿ... ಕಟ್ಟಿ ಮ್ಯಾಲ ಕುಂತ್ಲು... ಯಾರ ಜೋಡೀನೋ ಮಾತಾಡಾಕತ್ಲು... ಎದ್ಲು, ಇಲ್ಲ, ಮತ್ತ ಕುಂತ್ಲು." ಕೆಳಗಿಂದ ಮುರಾದ್, "ಭಾಯಿ, ಖಲಾಸ್? ಉತಾರೂಂ?", ಮುಗಿಯಿತಾ, ಇಳಿಸಲಾ ಅಂತ. ಇಲ್ಲ ಮುರಾದ್, ಅವ್ವ ಇನ್ನೂ ದಾರಿಯಲ್ಲಿದ್ದಾಳೆ. ಬಾಗಿಲು ತೆಗೆದಳು ಅಂತ ಅಂಗಡಿಯವ ಹೇಳಿದ ಮೇಲೆಯೇ ಇಳಿಸಿದ್ದು. ಕಾಲು ಜೋಮು ಹಿಡಿದು ನಿಲ್ಲಲಿಕ್ಕೆ ಆಗಲಿಲ್ಲ ಅವನಿಗೆ, ನಾನು ಹಿಡಿಯಲೂ ಇಲ್ಲ. ಬೆಲ್ಟು ಒಳ್ಳೆದೇ ಇತ್ತು, ಸುಳ್ಳು ಹೇಳುದಿಲ್ಲ. ತಕ್ಕೊಳ್ಳಲಿಲ್ಲ.

ನೋಡಿ ಮಕ್ಕಳೇ, ಕ್ಷಮಿಸಬೇಕು ಅಂತ ನಿಮ್ಮ ಶಾಲೆಯಲ್ಲಿ ಹೇಳಿಕೊಡ್ತಾರೆ, ಹೇಳಿಕೊಡಲಿ. ಆದ್ರೆ ಸೀದುಹೋದ ಪಾತ್ರೆಯನ್ನು ಸೀಯಿಸಿದವನೇ ಉಜ್ಜಬೇಕು. ಬೇರೆಯವರು ಉಜ್ಜಿದ್ರೆ ಪಾತ್ರೆ ಬೆಳ್ಳಗಾಗ್ತದೆ, ಅಷ್ಟೇ.